ಎರಡು ಕರ್ನೆಲ್‌ಗಳಿಗೆ ಒಂದೇ ಡ್ರೈವರ್ ಕೋಡ್: ಮೆಮೊರಿ ಕೇಳುವ ಫಂಕ್ಷನ್ ಹೇಗಿರಬೇಕು?

ಪ್ರಶ್ನೆ (ಶಿರಸಿಯಿಂದ)

ಲಿನಕ್ಸ್ ಮತ್ತು ಫ್ರೀಬಿಎಸ್‌ಡಿ ಎರಡಕ್ಕೂ ಒಂದೇ ಮೂಲ ಕೋಡ್ ಬಳಸುವ ನೆಟ್‌ವರ್ಕ್ ಡ್ರೈವರ್ ಒಂದರ ಮೇಲೆ ಶಿರಸಿಯ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಮೆಮೊರಿ ಕೇಳಲು ಅದರಲ್ಲಿರುವ ಫಂಕ್ಷನ್ ಗಾತ್ರವನ್ನಷ್ಟೇ ತೆಗೆದುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಯಾವಾಗಲೂ ಜಿಎಫ್‌ಪಿ_ಅಟಾಮಿಕ್ (ಕಾಯದೆ ತಕ್ಷಣ ಕೊಡು, ಆಗದಿದ್ದರೆ ಇಲ್ಲ ಎನ್ನು ಎಂಬ ಸೂಚನೆ) ಹಾಕುತ್ತದೆ. ಎಲ್ಲಿಂದ ಕರೆದರೂ ತೊಂದರೆಯಾಗದಿರಲಿ ಎಂದು ಹಾಗೆ ಬರೆದಿರಬೇಕು. ಮೊನ್ನೆ 256 ಎಂಬಿಯ ಚಿಕ್ಕ ಬೋರ್ಡನ್ನು ಎರಡು ದಿನ ಬಿಡದೆ ಓಡಿಸಿ, ಆಮೇಲೆ ಪ್ಯಾಕೆಟ್ ಬಫರ್‌ಗಳ ಸಾಲಾದ ರಿಂಗ್‌ ಅನ್ನು 2048 ನಮೂದುಗಳಿಗೆ ಹಿಗ್ಗಿಸಲು ಹೋದಾಗ, ಲಾಗ್‌ನಲ್ಲಿ ‘ಪೇಜ್ ಅಲೊಕೇಶನ್ ಫೇಲ್ಯೂರ್, ಆರ್ಡರ್ 4’ ಎಂದು ಬಂದು ಇಂಟರ್‌ಫೇಸ್ ಬಿದ್ದುಹೋಯಿತು. ಖಾಲಿ ಮೆಮೊರಿ ಬೇಕಾದಷ್ಟಿತ್ತು. ಎಲ್ಲೆಡೆ ಜಿಎಫ್‌ಪಿ_ಕರ್ನೆಲ್ (ಬೇಕಾದರೆ ಕಾದು ಕೊಡು ಎಂಬ ಸೂಚನೆ) ಹಾಕಿದರೆ ಸಾಕೇ?

ಉತ್ತರ 1 (ಕಾರವಾರದಿಂದ)

ಸಾಲದು. ಆರ್ಡರ್ 4 ಎಂದರೆ 4 ಕೆಬಿಯ 16 ಮೆಮೊರಿ ಪುಟಗಳು, ಅಂದರೆ 64 ಕೆಬಿ, ಭೌತಿಕವಾಗಿ ಒಂದಕ್ಕೊಂದು ಅಂಟಿಕೊಂಡೇ ಸಿಗಬೇಕು. ಖಾಲಿ ಪುಟಗಳು ಚದುರಿಹೋಗಿದ್ದರೆ ಅವುಗಳನ್ನು ಸರಿಸಿ ಜಾಗ ಕೂಡಿಸಬೇಕಾಗುತ್ತದೆ. ಅಟಾಮಿಕ್ ಕೋರಿಕೆ ಅಷ್ಟು ಹೊತ್ತು ಕಾಯುವಂತಿಲ್ಲ. ಇತ್ತ ಜಿಎಫ್‌ಪಿ_ಕರ್ನೆಲ್ ನಿದ್ರಿಸಬಹುದಾದ್ದರಿಂದ (ಅಂದರೆ ಮೆಮೊರಿ ಸಿಗುವವರೆಗೆ ನಿಂತು ಕಾಯಬಹುದಾದ್ದರಿಂದ), ಬಂದ ಪ್ಯಾಕೆಟ್‌ಗಳನ್ನು ಎತ್ತಿಕೊಳ್ಳುವ ನಾಪಿ ಪೋಲ್‌ನಲ್ಲಾಗಲಿ, ನಿದ್ರಿಸಲು ಬಿಡದ ಬೀಗವಾದ ಸ್ಪಿನ್‌ಲಾಕ್ ಹಿಡಿದಿರುವಾಗಾಗಲಿ ಅದನ್ನು ಬಳಸುವಂತೆಯೇ ಇಲ್ಲ. ಕಾಯಬಹುದೋ ಇಲ್ಲವೋ ಎಂಬುದು ಕರೆಯುವ ಕೋಡಿಗೆ ಮಾತ್ರ ಗೊತ್ತು. ಅದನ್ನು ಫಂಕ್ಷನ್‌ನ ಎರಡನೇ ಆರ್ಗ್ಯುಮೆಂಟ್ ಮಾಡಿ. ಫ್ರೀಬಿಎಸ್‌ಡಿಯ ಎಂ_ವೇಟ್‌ಓಕೆ (ಕಾಯಬಹುದು), ಎಂ_ನೋವೇಟ್ (ಕಾಯಬಾರದು) ಸೂಚನೆಗಳಿಗೂ ಅದು ಸರಿಹೊಂದುತ್ತದೆ. ಎಂ_ವೇಟ್‌ಓಕೆ ಎಂದೂ ನಲ್ (ಮೆಮೊರಿ ಸಿಗಲಿಲ್ಲ ಎಂಬ ಖಾಲಿ ವಿಳಾಸ) ಕೊಡುವುದಿಲ್ಲ, ಜಿಎಫ್‌ಪಿ_ಕರ್ನೆಲ್ ಕೊಡಬಹುದು. ಹೀಗಾಗಿ ಹಂಚಿಕೊಂಡ ಕೋಡ್ ನಲ್ ಪರೀಕ್ಷೆಯನ್ನು ಎಂದೂ ಬಿಡಬಾರದು.

ಇನ್ನು, ಪ್ರತಿ ಬಫರ್‌ನ ಲೆಕ್ಕವಿಡುವ ಅರೇಯನ್ನು ನೆಟ್‌ವರ್ಕ್ ಕಾರ್ಡ್ ಮುಟ್ಟುವುದೇ ಇಲ್ಲ; ಹಾಗಾಗಿ ಅದರ ಪುಟಗಳು ಅಂಟಿಕೊಂಡೇ ಇರಬೇಕಿಲ್ಲ. ಒಂದು ನಮೂದಿಗೆ 32 ಬೈಟ್ ಎಂದು ಹಿಡಿದರೂ 2048 ನಮೂದುಗಳಿಗೆ ಸರಿಯಾಗಿ 64 ಕೆಬಿ ಆಗುತ್ತದೆ. ನಿಮ್ಮಲ್ಲಿ ಸೋತದ್ದು ಇದೇ ಇರಬಹುದು. ಕಾಯಬಹುದಾದ ಹಾದಿಯಲ್ಲಿ ಅದಕ್ಕೆ ಲಿನಕ್ಸ್‌ನ ಕೆವಿಕ್ಯಾಲಕ್ ಎಂಬ ಫಂಕ್ಷನ್ ಬಳಸಿದರೆ ಬಿಡಿ ಪುಟಗಳಿಂದಲೂ ಜಾಗ ಸಿಗುತ್ತದೆ.

ಉತ್ತರ 2 (ಕುಮಟಾದಿಂದ)

ನನ್ನನ್ನು ಹೆಚ್ಚು ಕಾಡಿದ್ದು ಇಂಟರ್‌ಫೇಸ್ ಬಿದ್ದುಹೋಯಿತು ಎಂಬ ಮಾತು. ಹಳೆಯ ರಿಂಗ್ ಬಿಡುಗಡೆ ಮಾಡಿ ಹೊಸದನ್ನು ಕೇಳುವ ಕ್ರಮವೇ ತಪ್ಪು. ಮೊದಲು ಹೊಸದನ್ನು ಪೂರ್ತಿ ಪಡೆದು, ಆಮೇಲೆ ಅದಲುಬದಲು ಮಾಡಿ. ಸಿಗದಿದ್ದರೆ ದೋಷದ ಸಂಖ್ಯೆ ಹಿಂದಿರುಗಿಸಿ, ಹಳೆಯ ರಿಂಗ್‌ನಲ್ಲೇ ಸಂಚಾರ ನಡೆಯಲಿ. ಪ್ಯಾಕೆಟ್ ಬಫರ್‌ಗಳನ್ನಂತೂ ಈ ಫಂಕ್ಷನ್‌ನಿಂದ ಹೊರಗಿಡಿ. ಲಿನಕ್ಸ್ 4.18ರಿಂದ ಇರುವ ಪೇಜ್ ಪೂಲ್ ಅವುಗಳಿಗೆ ಬೇಕಾದ ಪುಟಗಳನ್ನು ಮರುಬಳಸುತ್ತದೆ.

ಪ್ರಶ್ನೆ ಕೇಳಿದವರಿಂದ

ನೀವಿಬ್ಬರೂ ಹೇಳಿದಂತೆ ಬದಲಿಸಿದೆ. ನಿದ್ರೆಯ ತಪ್ಪು ಹಿಡಿಯುವ ಡೀಬಗ್ ಆಯ್ಕೆ ಹಾಕಿ ಓಡಿಸಿದಾಗ, ಲಿಂಕ್ ಸ್ಥಿತಿ ನೋಡುವ ಒಂದು ಕಡೆ ಸ್ಪಿನ್‌ಲಾಕ್ ಹಿಡಿದೇ ‘ಕಾಯಬಹುದು’ ಎಂದು ಕೇಳುತ್ತಿದ್ದುದು ಸಿಕ್ಕಿತು; ಆ ಕೋರಿಕೆಯನ್ನು ಲಾಕ್‌ನ ಹೊರಗೆ ತಂದೆ. ಅದೇ ಬೋರ್ಡ್‌ನಲ್ಲಿ ಈಗ ರಿಂಗ್ 2048ಕ್ಕೆ ಹಿಗ್ಗುತ್ತಿದೆ.