ಲಾರಿ ಕಂಪನಿ ಒಳ್ಳೆಯದಾ ಅಂತ ತಿಳಿಯೋದು ಹೇಗೆ?

ಎರಡು ಕಡೆಯಿಂದ ಡ್ರೈವರ್ ಕೆಲಸಕ್ಕೆ ಕರೆದಿದ್ದಾರೆ. ಒಂದು ಕಡೆ ಕಿಲೋಮೀಟರ್ ಲೆಕ್ಕ, ದುಡ್ಡು ಜಾಸ್ತಿ. ಇನ್ನೊಂದು ಕಡೆ ತಿಂಗಳ ಸಂಬಳ, ಸ್ವಲ್ಪ ಕಮ್ಮಿ. ಯಾವುದಕ್ಕೆ ಸೇರಲಿ?

ಉತ್ತರ 1:
ಕಿಲೋಮೀಟರ್ ರೇಟಿಗೆ ಮರುಳಾಗಬೇಡಿ, ಗಾಡಿ ಓಡಿದರೆ ಮಾತ್ರ ದುಡ್ಡು. ಒಮ್ಮೆ ಗೋದಾಮಿನ ಗೇಟಲ್ಲಿ ಲೋಡಿಗೆ ಕಾಯುತ್ತಾ 11 ಗಂಟೆ ಸ್ಟೀರಿಂಗ್ ಮೇಲೆ ತಲೆಯಿಟ್ಟು ಕೂತಿದ್ದೆ, ಅದಕ್ಕೆ ಬಿಡಿಗಾಸೂ ಸಿಗಲಿಲ್ಲ, ತಡವಾಯ್ತು ಅಂತ ಬೈಗುಳ ಬೇರೆ. ಕಾಯುವ ಹೊತ್ತಿಗೆ, ಖಾಲಿ ಗಾಡಿ ವಾಪಸ್ ತರೋದಕ್ಕೆ ಎಷ್ಟು ಅಂತ ಬರೆದು ಕೊಡಲು ಹೇಳಿ.

ಉತ್ತರ 2:
ಸುಮ್ನೆ ಯಾರ್ಡಲ್ಲಿ ಒಂದು ಸುತ್ತು ಹಾಕಿ, ಟೈರು ನೋಡಿ. ಸವೆದ ಟೈರಲ್ಲೇ ಗಾಡಿ ಕಳಿಸುವವರು ನಿಮ್ಮ ನಿದ್ದೆ ಬಗ್ಗೆ ಯೋಚಿಸುತ್ತಾರಾ?

ಉತ್ತರ 3:
ವರ್ಷವಿಡೀ ಡ್ರೈವರ್ ಬೇಕು ಅಂತ ಜಾಹೀರಾತು ಹಾಕುತ್ತಿದ್ದರೆ ಅಲ್ಲಿ ಜನ ನಿಲ್ಲುತ್ತಿಲ್ಲ ಅಂತಲೇ ಅರ್ಥ, ಅಲ್ವಾ?