ಸಹಾಯ ಬೇಕು: ಕ್ರೂಸರ್ ಸೈಕಲ್‌ಗೆ ಬಲೂನ್ ಟೈರು, 2.125 ಸಾಕಾ, 2.35 ಹಾಕ್ಸ್ಲಾ?

ಎಲ್ರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನವನು. ಹಳೇ ಸ್ಟೈಲಿನ ಕ್ರೂಸರ್ ಸೈಕಲ್ ಇದೆ: ಅಗಲ ಹ್ಯಾಂಡಲ್ಲು, ದಪ್ಪ ಸೀಟು, ಹಿಂದೆ ಮುಂದೆ ತಗಡಿನ ಮಡ್‌ಗಾರ್ಡು. ಟೈರಿನ ಪಕ್ಕದ ರಬ್ಬರ್ ಬಿರುಕು ಬಿಟ್ಟು ಒಳಗಿನ ನೂಲು ಕಾಣ್ತಿದೆ, ಬದಲಾಯಿಸ್ಲೇಬೇಕು. ಹೇಗೂ ಹಾಕ್ಸೋದು, ಕ್ರೀಮ್ ಬಣ್ಣದ ಬಲೂನ್ ಟೈರೇ ಇರ್ಲಿ ಅಂತ ಆಸೆ. 1933ರಲ್ಲಿ ಅಮೆರಿಕದ ಶ್ವಿನ್ ಕಂಪನಿ ತಂದ ಆ ದಪ್ಪ ಟೈರಿನ ಲುಕ್ಕು ಬೇರೇನೇ ಬಿಡಿ.

ಇಲ್ಲೊಂದು ಅಂಗಡೀಲಿ "26 ಅಂದ್ರೆ 26 ಸಾರ್, ಕೂತ್ಕೊಳತ್ತೆ" ಅಂತ 26 x 1 3/8 ತೆಗೆದು ಕೊಟ್ರು. ರಿಮ್ ಮೇಲೆ ಲೊಡಲೊಡ. ನನ್ನ ಟೈರಲ್ಲಿ 57-559 ಅಂತ ಅಚ್ಚಾಗಿದೆ, ಅಂದ್ರೆ 26 x 2.125 ಇಂಚು (57 ಮಿ.ಮೀ. ಟೈರಿನ ಅಗಲ, 559 ಮಿ.ಮೀ. ಟೈರು ರಿಮ್ ಮೇಲೆ ಕೂರೋ ಜಾಗದ ವ್ಯಾಸ). ಅವರು ಕೊಟ್ಟಿದ್ದರ ವ್ಯಾಸ 590. ಇನ್ನೊಂದು ಕಡೆ 1 3/4 ಸಿಕ್ತು, ಅದು 571, ಅದೂ ಆಗಲ್ಲ. ದಶಾಂಶದಲ್ಲಿ 1.75 ಅಂತ ಬರೆದಿದ್ರೆ ಮಾತ್ರ 559. ಲೆಕ್ಕದ ಮೇಷ್ಟ್ರಿಗೆ ಎರಡೂ ಒಂದೇ, ರಿಮ್ಮಿಗೆ ಅಲ್ಲ!

ಆನ್‌ಲೈನಲ್ಲಿ ಶ್ವಾಲ್ಬೆ ಕಂಪನಿಯ ಫ್ಯಾಟ್ ಫ್ರ್ಯಾಂಕ್ ಅನ್ನೋ ಬಲೂನ್ ಟೈರು 26 x 2.35, ಅಂದ್ರೆ 60-559, ನೋಡಿದೆ. ರಿಮ್ಮಿಗೆ ಸರಿ. ತಲೆ ಕೆಟ್ಟಿರೋದು ಜಾಗದ ವಿಷಯಕ್ಕೆ. ಈಗಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಪೆನ್ಸಿಲ್ ತೂರತ್ತೆ, ಅಷ್ಟೇ. ಹೊಸದು ಮೇಲಕ್ಕೆ ಇನ್ನೂ ಸುಮಾರು 3 ಮಿ.ಮೀ. ತಿನ್ನತ್ತೆ. ಮಳೆಗಾಲದಲ್ಲಿ ತೋಟದ ರಸ್ತೆಯ ಕೆಮ್ಮಣ್ಣು ಮೆತ್ಕೊಂಡ್ರೆ ಚಕ್ರ ತಿರುಗತ್ತಾ?

ಮಡ್‌ಗಾರ್ಡ್ ಬಿಚ್ಚದೆ 2.35 ಓಡಿಸ್ತಿರೋರು ಯಾರಾದ್ರೂ ಇದ್ದೀರಾ? ನಿಮ್ಮಲ್ಲಿ ಎಷ್ಟು ಗ್ಯಾಪ್ ಉಳಿದಿದೆ? ಇಲ್ಲಾಂದ್ರೆ 2.125ರಲ್ಲೇ ಕ್ರೀಮ್ ಟೈರು ಹಾಸನ, ಬೆಂಗಳೂರು ಕಡೆ ಎಲ್ಲಿ ಸಿಗತ್ತೆ ಹೇಳಿ.