ನದಿ ದಾರಿ ತಪ್ಪಿಲ್ಲ, ಚಿಕ್ಕಪ್ಪ

ಚಿಕ್ಕಪ್ಪ: [ವಿಡಿಯೊ] ಪೆರುವಿನ ಉಕಯಾಲಿ ನದಿ. 1984ರಿಂದ ಉಪಗ್ರಹ ತೆಗೆದ ಚಿತ್ರಗಳು. ಹಾವಿನ ಹಾಗೆ ಹೊರಳುತ್ತಿದೆ ನೋಡಿ. ಮನುಷ್ಯ ಕೈ ಹಾಕಿದ್ದಕ್ಕೇ ನದಿ ದಾರಿ ತಪ್ಪಿದೆ. ನೇರ ಕಾಲುವೆ ತೋಡಿಬಿಟ್ಟರೆ ಸರಿಹೋಗುತ್ತದೆ.

ನಾನು: ಚಿಕ್ಕಪ್ಪ, ವಿಡಿಯೊ ಚೆನ್ನಾಗಿದೆ, ಮಾತು ತಪ್ಪು. ಸಮತಟ್ಟಾದ ಮಣ್ಣಿನ ನೆಲದಲ್ಲಿ ನದಿ ಹೊರಳುವುದೇ ಸಹಜ.

ಚಿಕ್ಕಪ್ಪ: ಬಂಡೆ ಅಡ್ಡ ಬರದಿದ್ದರೆ ನೀರು ಸುಮ್ನೆ ಯಾಕೆ ತಿರುಗುತ್ತದೆ?

ನಾನು: ದಡ ಒಂದು ಕಡೆ ಚೂರು ಕುಸಿದರೂ ಸಾಕು, ನೀರು ಅತ್ತ ವಾಲುತ್ತದೆ. ತಿರುವಿನ ಹೊರದಡದಲ್ಲಿ ಸೆಳೆತ ಜಾಸ್ತಿ, ಮಣ್ಣು ಕೊರೆಯುತ್ತದೆ. ಒಳದಡದಲ್ಲಿ ನೀರು ನಿಧಾನ, ಮರಳು ಕೂರುತ್ತದೆ. ತಿರುವು ಇನ್ನಷ್ಟು ಬಾಗುತ್ತದೆ. ಲೋಟದ ನೀರಿಗೆ ಒಂದು ಚಿಟಿಕೆ ಟೀ ಸೊಪ್ಪು ಹಾಕಿ ಚಮಚದಲ್ಲಿ ಗಿರ್ರನೆ ತಿರುಗಿಸಿ ಬಿಡಿ. ಸೊಪ್ಪು ಅಂಚಿಗೆ ಹೋಗುವುದಿಲ್ಲ, ತಳದ ನಡುವೆ ಗುಡ್ಡೆಯಾಗುತ್ತದೆ. ತಳಕ್ಕೆ ಉಜ್ಜಿದ ನೀರು ನಿಧಾನವಾಗಿ ಒಳಕ್ಕೆ ಸರಿಯುತ್ತದೆ, ಅದಕ್ಕೇ. ನದಿ ತಿರುವಿನ ತಳದಲ್ಲೂ ಹೀಗೇ. 1926ರಲ್ಲಿ ಐನ್‌ಸ್ಟೈನ್ ಇದನ್ನೇ ವಿವರಿಸಿದ್ದರು.

ಅತ್ತೆ: ಈಗಷ್ಟೇ ಮಾಡಿ ನೋಡಿದೆ. ನಿಜವಾಗಲೂ ನಡುವೆ ಬಂತು! ವಿಡಿಯೊದಲ್ಲಿ ಒಡೆದ ಬಳೆಯಂಥ ಕೆರೆ ಉಳಿಯಿತಲ್ಲ, ಅದೇನು ಪುಟ್ಟಾ?

ನಾನು: ತಿರುವಿನ ಎರಡು ತುದಿ ಹತ್ತಿರ ಬಂದಾಗ ನೀರು ನಡುವಿನ ನೆಲ ಕತ್ತರಿಸಿ ನೇರ ನುಗ್ಗುತ್ತದೆ ಅತ್ತೆ. ಹಳೆ ತಿರುವು ಕೆರೆಯಾಗುತ್ತದೆ.

ಚಿಕ್ಕಪ್ಪ: ನೋಡಿದೆಯಾ, ನದಿಯೇ ನೇರ ಮಾಡಿಕೊಂಡಿತು! ನಾವು ಮಾಡಿದರೆ ತಪ್ಪೇನು?

ನಾನು: ಅದು ಇಲ್ಲಿ ನೇರವಾದರೆ ಇನ್ನೊಂದು ಕಡೆ ಬಾಗುತ್ತದೆ. ನಾವು ಇಡೀ ನದಿಯನ್ನು ನೇರ ಮಾಡಿ, ಹಾಗೇ ಇರು ಅನ್ನುತ್ತೇವೆ. ಫ್ಲಾರಿಡಾದ ಕಿಸಿಮ್ಮಿ ನದಿಗೆ 1962ರಿಂದ 1971ರವರೆಗೆ ಅದನ್ನೇ ಮಾಡಿದರು. ಸುಮಾರು 166 ಕಿ.ಮೀ. ನದಿ 90 ಕಿ.ಮೀ. ಕಾಲುವೆಯಾಯಿತು. ಜೌಗು ಒಣಗಿತು, ನೀರುಹಕ್ಕಿಗಳು ಹೋದವು. ಆಮೇಲೆ ಕಾಲುವೆಯ ಒಂದಷ್ಟು ಭಾಗ ಮುಚ್ಚಿ ಹಳೆ ತಿರುವುಗಳಿಗೇ ನೀರು ಬಿಟ್ಟರು. ಆ ಕೆಲಸ ಮುಗಿದಿದ್ದು 2021ರಲ್ಲಿ!

ಅಣ್ಣ: ಹಾಗಂತ ಮನುಷ್ಯನ ಪಾಲೇ ಇಲ್ಲ ಅನ್ನಬೇಡ. ಕೋಸಿ?

ನಾನು: ಒಪ್ಪಿದೆ ಅಣ್ಣಾ. ಕೋಸಿ ಹಿಮಾಲಯದಿಂದ ರಾಶಿ ಹೂಳು ತರುವ ನದಿ, ಮೊದಲಿನಿಂದಲೂ ಪಾತ್ರ ಬದಲಿಸುತ್ತಾ ಬಂದಿದೆ. ಎರಡೂ ಕಡೆ ಏರಿ ಹಾಕಿದ ಮೇಲೆ ಹೂಳಿಗೆ ಹರಡಲು ಜಾಗವಿಲ್ಲದೆ ತಳವೇ ಮೇಲೆದ್ದಿತು. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಬಳಿ ಏರಿ ಒಡೆಯಿತು. ನೀರು ಪೂರ್ವಕ್ಕೆ ಹೊರಳಿ, ಎಂದೋ ಬಿಟ್ಟಿದ್ದ ಹಳೆ ಪಾತ್ರ ಹಿಡಿದು ಬಿಹಾರಕ್ಕೆ ನುಗ್ಗಿತು. ಅಷ್ಟು ಹೊತ್ತಿಗೆ ಅಲ್ಲೆಲ್ಲ ಊರುಗಳಿದ್ದವು.

ಚಿಕ್ಕಪ್ಪ: ಸರಿ, ಕಾಲುವೆ ಮಾತು ವಾಪಸ್ ತೆಗೆದುಕೊಂಡೆ. ಆದರೆ ಆ ಊರಿನವರು ಎಲ್ಲಿಗೆ ಹೋಗಬೇಕು? ಅದನ್ನು ಹೇಳು.